ಕರೆಂಟ್ ಒಲೆಯ ಮೇಲೆ ಅನ್ನ-ಸಾರು: ಜರ್ಮನಿಗೆ ಓದಲು ಹೊರಟವರಿಗೆ

ಜರ್ಮನಿಯ ವಿದ್ಯಾರ್ಥಿ ವಸತಿಗಳಲ್ಲಿ ಗ್ಯಾಸ್ ಒಲೆ ಅಪರೂಪ. ಹಲವರು ಹಂಚಿಕೊಳ್ಳುವ ಅಡುಗೆಮನೆಯಲ್ಲಿ ಇರುವುದು ಕರೆಂಟ್ ಒಲೆ. ಹಳೆಯದಾದರೆ ಕಪ್ಪು ಕಬ್ಬಿಣದ ತಟ್ಟೆ, ಹೊಸದಾದರೆ ಗಾಜಿನ ಹಾಸು. ಊರಿನಿಂದ ಹೋದವರು ಮೊದಲ ವಾರ ಅನ್ನ ಸೀಯಿಸುವುದಕ್ಕೆ ಕಾರಣ ಒಂದೇ: ನಾಬ್ ತಿರುಗಿಸಿದ ಕೂಡಲೇ ಉರಿ ಇಳಿಯುತ್ತದೆ ಎಂಬ ಗ್ಯಾಸಿನ ಅಭ್ಯಾಸ. ಕಬ್ಬಿಣದ ತಟ್ಟೆ ಕಾಯುವುದೂ ನಿಧಾನ, ಆರುವುದೂ ನಿಧಾನ.

ಪಾತ್ರೆ: ಎರಡು ಲೀಟರಿನ ದಪ್ಪ ತಳದ ಸ್ಟೀಲ್ ಪಾತ್ರೆ, ಬಿಗಿಯಾದ ಮುಚ್ಚಳ. ತಳ ಪೂರ್ತಿ ಚಪ್ಪಟೆಯಾಗಿರಬೇಕು, ಇಲ್ಲದಿದ್ದರೆ ಅರ್ಧ ಅಕ್ಕಿ ಮಾತ್ರ ಬೇಯುತ್ತದೆ. ಅಲ್ಯೂಮಿನಿಯಂ ಕುಕ್ಕರ್ ಹೊತ್ತೊಯ್ಯಬೇಡಿ, ಇಂಡಕ್ಷನ್ ಒಲೆ ಸಿಕ್ಕರೆ ಅದು ಕಾಯುವುದೇ ಇಲ್ಲ.

ಅಕ್ಕಿ: ಬಾಸ್ಮತಿ ಎಲ್ಲ ಸೂಪರ್ ಮಾರ್ಕೆಟ್‌ಗಳಲ್ಲೂ ಸಿಗುತ್ತದೆ. ‘ಮಿಲ್ಶ್‌ರೈಸ್’ ಎಂದು ಬರೆದದ್ದು ಪಾಯಸಕ್ಕೆ, ಅನ್ನ ಮಾಡಿದರೆ ಅಂಟು. ತೂತಿನ ಪ್ಲಾಸ್ಟಿಕ್ ಚೀಲದೊಳಗೇ ಬೇಯಿಸುವ ಅಕ್ಕಿಯನ್ನಂತೂ ಮುಟ್ಟಲೇಬೇಡಿ. ದುಡ್ಡು ಹೆಚ್ಚು, ಸಾರಿಗೂ ಹೊಂದದು.

ಒಂದು ಲೋಟ ಬಾಸ್ಮತಿಯನ್ನು ಮೂರು ಸಲ ತೊಳೆದು 20 ನಿಮಿಷ ನೆನೆಸಿ, ನೀರು ಪೂರ್ತಿ ಬಸಿಯಿರಿ. ಒಂದೂವರೆ ಲೋಟ ಹೊಸ ನೀರು ಹಾಕಿ. ಊರಿಂದ ತಂದ ಸೋನಾ ಮಸೂರಿಯಾದರೆ ಎರಡು ಲೋಟ. ಈಗ ಎರಡು ತಟ್ಟೆ ಹಚ್ಚಿ: ಒಂದು ಪೂರ್ತಿ ಬಿಸಿಗೆ, ಇನ್ನೊಂದು ನಾಬ್ ಮೇಲಿನ 1ಕ್ಕೆ, ಅಂದರೆ ತೀರಾ ಕಡಿಮೆ ಬಿಸಿಗೆ. ಬಿಸಿ ತಟ್ಟೆಯ ಮೇಲೆ ಮುಚ್ಚಳವಿಲ್ಲದೆ ಕುದಿ ಬರಿಸಿ. ಕುದಿ ಬಂದ ತಕ್ಷಣ ನಾಬ್ ಕಡೆ ಕೈ ಹೋಗಬಾರದು, ಪಾತ್ರೆಯ ಕಡೆ ಹೋಗಬೇಕು. ಪಾತ್ರೆಯನ್ನೇ ಎತ್ತಿ 1ರ ತಟ್ಟೆಗೆ ಇಟ್ಟು ಮುಚ್ಚಳ ಹಾಕಿ, ಆಮೇಲೆ ಮೊದಲಿನ ತಟ್ಟೆ ಆರಿಸಿ. ಅಲ್ಲೇ ಬಿಟ್ಟು ನಾಬ್ ಇಳಿಸಿದರೆ ತಟ್ಟೆ ಇನ್ನೂ ಐದಾರು ನಿಮಿಷ ಕಾದೇ ಇರುತ್ತದೆ. ಗಂಜಿ ಉಕ್ಕಿ ಚೆಲ್ಲುತ್ತದೆ, ನೀರು ಬೇಗ ಇಂಗಿ ತಳ ಸೀಯುತ್ತದೆ, ಮೇಲಿನ ಅಗುಳು ಗಟ್ಟಿಯಾಗಿಯೇ ಉಳಿಯುತ್ತದೆ. ಎರಡನೇ ತಟ್ಟೆಯಲ್ಲಿ ಬೇರೆಯವರ ಅಡುಗೆ ನಡೆದಿದ್ದರೆ, ನಾಬ್ 1ಕ್ಕೆ ಇಳಿಸಿ, ಐದಾರು ನಿಮಿಷ ಪಾತ್ರೆಯನ್ನು ಮರದ ಹಲಗೆಯ ಮೇಲಿಟ್ಟು ತಟ್ಟೆಯ ಬಿಸಿ ಇಳಿದ ಮೇಲೆ ವಾಪಸ್ ಇಡಿ.

ಹತ್ತು ನಿಮಿಷ ಬೇಯಲಿ. ಒಲೆ ಆರಿಸಿ ಇನ್ನೂ ಹತ್ತು ನಿಮಿಷ ಅಲ್ಲೇ ಬಿಡಿ, ಉಳಿದ ಕಾವೇ ಹದ ಮಾಡುತ್ತದೆ. ನಡುವೆ ಮುಚ್ಚಳ ತೆಗೆಯಬೇಡಿ, ಸೌಟು ಆಡಿಸಬೇಡಿ. ಅಗುಳು ಗಟ್ಟಿ ಉಳಿದರೆ ಎರಡು ಚಮಚ ಬಿಸಿನೀರು ಚಿಮುಕಿಸಿ ಮತ್ತೆ ಐದು ನಿಮಿಷ ಮುಚ್ಚಿಡಿ.

ಸಾರಿಗೆ ‘ರೋಟೆ ಲಿನ್ಸೆನ್’, ಅಂದರೆ ನಮ್ಮ ಮಸೂರ ಬೇಳೆ, ಸಾಕು. ಕುಕ್ಕರ್ ಇಲ್ಲದೆ 15–20 ನಿಮಿಷಕ್ಕೆ ಕರಗುತ್ತದೆ. ತೊಗರಿಯೇ ಬೇಕೆಂದರೆ ಎರಡು ಗಂಟೆ ನೆನೆಸಬೇಕು. ಮ್ಯೂನಿಕ್, ಬರ್ಲಿನ್‌ನಂಥ ಕಡೆ ನಲ್ಲಿನೀರು ಗಡಸು, ಅದರಲ್ಲಿನ ಸುಣ್ಣದಿಂದ ಬೇಳೆ ಬೇಗ ಮೆತ್ತಗಾಗದು. ಒಂದು ಚಿಟಿಕೆ ಅಡುಗೆ ಸೋಡಾ ಹಾಕಿ. ಅಂಗಡಿಯಲ್ಲಿ ಅದರ ಹೆಸರು ‘ನಾಟ್ರೋನ್’. ಚಿಟಿಕೆ ಮೀರಿದರೆ ಸಾಬೂನಿನ ವಾಸನೆ. ಟೊಮೆಟೊ, ಹುಣಸೆಹಣ್ಣು ಬೇಳೆ ಬೆಂದ ಮೇಲೆಯೇ. ಹುಳಿ ಮೊದಲೇ ಬಿದ್ದರೆ ಬೇಳೆ ಬೇಯುವುದಿಲ್ಲ. ಕೊನೆಗೆ ಮನೆಯ ಸಾರಿನ ಪುಡಿ ಎರಡು ಚಮಚ, ಉಪ್ಪು, ಒಂದು ಕುದಿ.

ಒಗ್ಗರಣೆಗೆ ಎಣ್ಣೆಯ ಜೊತೆಗೇ ಎರಡು ಸಾಸಿವೆ ಕಾಳು ಹಾಕಿಡಿ. ಅವು ಸಿಡಿದಾಗ ಉಳಿದ ಸಾಸಿವೆ ಹಾಕಿ ಬಾಣಲೆಯನ್ನು ತಟ್ಟೆಯಿಂದ ಎತ್ತಿ. ಜೀರಿಗೆ, ಇಂಗು, ಒಣಮೆಣಸಿನಕಾಯಿ ಒಲೆಯಾಚೆ ಆ ಬಿಸಿಗೇ ಬೀಳಲಿ. ಒಲೆಯ ಮೇಲೆಯೇ ಮಾಡಿದರೆ ಮೆಣಸಿನಕಾಯಿ ಸೀದು ಘಾಟು ಏಳುತ್ತದೆ. ಕಿಟಕಿ ತೆರೆದು, ಕಾರಿಡಾರಿನ ಬಾಗಿಲು ಮುಚ್ಚಿಯೇ ಒಗ್ಗರಣೆ ಹಾಕಿ. ಹೊಗೆಯ ಅಲಾರಂ ಕೂಗಿದರೆ ಇಡೀ ಕಟ್ಟಡದವರು ಕೆಳಗಿಳಿಯಬೇಕಾದೀತು.

ಮೊಸರಿಗೆ 3.5 ಶೇಕಡಾ ಕೊಬ್ಬಿನ ‘ನಾಟೂರ್‌ಯೋಗುರ್ಟ್’ ಕೊಳ್ಳಿ. ಪಕ್ಕದಲ್ಲೇ ಇರುವ ‘ಕ್ವಾರ್ಕ್’ ಮೊಸರಲ್ಲ, ಒಂದು ಬಗೆಯ ಹಸಿ ಚೀಸ್. ಭಾನುವಾರ ಅಂಗಡಿಗಳು ಬಹುತೇಕ ಮುಚ್ಚಿರುತ್ತವೆ, ಶನಿವಾರವೇ ತಂದಿಡಿ.

ಉಳಿದ ಅನ್ನವನ್ನು ರಾತ್ರಿಯಿಡೀ ಪಾತ್ರೆಯಲ್ಲಿ ಬಿಡಬೇಡಿ. ಅಕ್ಕಿಯಲ್ಲಿರುವ ಒಂದು ಬ್ಯಾಕ್ಟೀರಿಯಾದ ಬೀಜಕಗಳು ಕುದಿಸಿದರೂ ಸಾಯುವುದಿಲ್ಲ, ಬೆಚ್ಚಗಿನ ಅನ್ನದಲ್ಲಿ ಬೆಳೆದು ವಿಷ ಬಿಡುತ್ತವೆ, ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗದು. ಅಗಲ ತಟ್ಟೆಯಲ್ಲಿ ಹರವಿ ಆರಿಸಿ, ಒಂದು ಗಂಟೆಯೊಳಗೆ ಫ್ರಿಜ್‌ಗೆ ಸೇರಿಸಿ, ಮರುದಿನ ಹಬೆಯಾಡುವಷ್ಟು ಬಿಸಿ ಮಾಡಿ ಚಿತ್ರಾನ್ನ ಕಲಸಿ.