ಅರವತ್ತರ ದಶಕದ ಮಂಚ, ಬೀರು: ನಾನು ಸಂಗ್ರಹಿಸಿದ್ದು ಹೀಗೆ

ಡ್ರೆಸ್ಸಿಂಗ್ ಟೇಬಲ್ಲಿನ ಕೆಳಗಿನ ಡ್ರಾಯರ್ ಹೊರಗೆಳೆದು ಬೋರಲು ಹಾಕಿದಾಗ, ತಳದ ಹಲಗೆಯ ಮೇಲೆ ಪೆನ್ಸಿಲ್ಲಿನಲ್ಲಿ ಬರೆದದ್ದು ಕಂಡಿತು: 62–8–0. ಅರವತ್ತೆರಡು ರೂಪಾಯಿ ಎಂಟಾಣೆ. ನಯಾಪೈಸೆ ಬಂದದ್ದು 1957ರ ಏಪ್ರಿಲ್‌ನಲ್ಲಿ. ಆಮೇಲೂ ಜನರ ಬಾಯಲ್ಲಿ ಆಣೆ ಬಹಳ ಕಾಲ ಉಳಿದಿತ್ತು, ಆದರೆ ರೂಪಾಯಿ, ಆಣೆ, ಪೈ ಅಂತ ಮೂರು ಮನೆ ಮಾಡಿ ಬರೆದ ಲೆಕ್ಕ ಕಂಡರೆ ಸಾಮಾನು ಆ ಹೊತ್ತಿನದೋ ಅದಕ್ಕೂ ಹಿಂದಿನದೋ ಇರಬೇಕು ಅನ್ನುವುದು ನನ್ನ ಅಂದಾಜು. ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದ ಆ ಮನೆಯ ಅಮ್ಮ ಕನ್ನಡಕ ಏರಿಸಿ ನೋಡಿದರು. "ಇದನ್ನ ನಾನೇ ಇವತ್ತು ನೋಡ್ತಿರೋದು ಕಣಮ್ಮ. ನನ್ನ ಮದುವೆಗೆ ನಮ್ಮಪ್ಪ ಮಾಡಿಸಿದ್ದು, ಐವತ್ತಾರರಲ್ಲಿ" ಅಂದರು. ಜಯನಗರದ ಆ ಮನೆ ಇನ್ನು ಹದಿನೈದು ದಿನಕ್ಕೆ ಕೆಡವುವುದಿತ್ತು.

ನಾನು ಸಂಗ್ರಹಿಸುವುದು ಮಲಗುವ ಕೋಣೆಯ ಸಾಮಾನು ಮಾತ್ರ, ಅದೂ 1950ರಿಂದ 70ರವರೆಗಿನದು. ಈಗ ಮಿಡ್-ಸೆಂಚುರಿ ಮಾಡರ್ನ್ ಅಂತ ಕರೆಯುವ ಶೈಲಿ. ಕಾಲು ಹೊರಕ್ಕೆ ಓರೆಯಾಗಿ ಚಾಚಿ ಕೆಳಗೆ ಹೋಗುತ್ತ ಸಣ್ಣಗಾಗಿರುತ್ತದೆ, ನೆಲದಿಂದ ಏಳೆಂಟು ಇಂಚು ಮೇಲಕ್ಕೆ ಪೆಟ್ಟಿಗೆ ತೇಲಿದ ಹಾಗೆ ಕಾಣುತ್ತದೆ, ಕೆತ್ತನೆಯ ಬದಲು ಮರದ ರೇಖೆಯೇ ಅಲಂಕಾರ. ಅಂಚು ಗುಂಡಾಗಿ ಇಳಿಬಿದ್ದು, ದಪ್ಪ ಪೀಠ ನೆಲಕ್ಕೆ ಕೂತಿದ್ದರೆ ಅದು ಸಾಮಾನ್ಯವಾಗಿ ಹಿಂದಿನ ಕಾಲದ ಆರ್ಟ್ ಡೆಕೊ ಶೈಲಿ. ಬಸವನಗುಡಿ, ಮಲ್ಲೇಶ್ವರದ ಹಳೇ ಮನೆಗಳಲ್ಲಿ ಅದನ್ನೂ ಕಂಡಿದ್ದೇನೆ. ಚೆಂದವೇ, ನಾನು ಕೊಳ್ಳುವುದಿಲ್ಲ ಅಷ್ಟೆ. ಇನ್ನು "ಆಂಟಿಕ್" ಅನ್ನುವ ಮಾತಿಗೆ ದುಡ್ಡು ಕೊಡಬೇಡಿ. 1972ರ ಕಾಯ್ದೆಯ ಪ್ರಕಾರ ಪುರಾತನ ವಸ್ತು ಅನ್ನಿಸಿಕೊಳ್ಳಲು ಇಂಥ ಸಾಮಾನಿಗೆ ನೂರು ವರ್ಷ ಆಗಿರಬೇಕು.

ಓರೆ ಕಾಲು ಕಂಡ ಕೂಡಲೇ "ಚಂಡೀಗಢದ್ದು ಮೇಡಂ" ಅನ್ನುವ ಅಂಗಡಿಯವರು ಶಿವಾಜಿನಗರದಲ್ಲೂ ಸಿಕ್ಕಿದ್ದಾರೆ. ಚಂಡೀಗಢ ನಗರವನ್ನು ರೂಪಿಸಿದ ವಾಸ್ತುಶಿಲ್ಪಿ ಲ ಕಾರ್ಬೂಸಿಯೆ. ಅವರಿಗೆ ಚಿಕ್ಕಪ್ಪನ ಮಗನ ವರಸೆಯ ಪಿಯೆರ್ ಜೆನ್ನರೆ, ಅಲ್ಲಿನ ಕಚೇರಿ, ಕಾಲೇಜು, ಸರ್ಕಾರಿ ಮನೆಗಳಿಗಾಗಿ ಐವತ್ತರ ದಶಕದಲ್ಲಿ ತೇಗ ಮತ್ತು ಬೆತ್ತದಲ್ಲಿ ಮಾಡಿಸಿದ ಸಾಮಾನು ಈಗ ಪರದೇಶದ ಹರಾಜುಗಳಲ್ಲಿ ದೊಡ್ಡ ಬೆಲೆಗೆ ಹೋಗುತ್ತದೆ. ಆ ಪರಂಪರೆಯ ಸಾಮಾನನ್ನು ಮಾರಬಾರದೆಂದು 2011ರಲ್ಲಿ ಕೇಂದ್ರ ಗೃಹ ಸಚಿವಾಲಯ ನಿರ್ಬಂಧವನ್ನೂ ಹಾಕಿತು. ಅಂಥದ್ದು ಇಲ್ಲಿನ ಗುಜರಿ ಅಂಗಡಿಯ ಮೂಲೆಯಲ್ಲಿ ಧೂಳು ತಿನ್ನುತ್ತ ಕೂತಿರುತ್ತದೆ ಅಂತ ನಂಬಲು ನನಗೆ ಕಾರಣ ಕಾಣಲಿಲ್ಲ. ನಮ್ಮ ಬೆಂಗಳೂರಿನದು ಬೇರೆ ಕಥೆ, ನನಗೆ ಅದೇ ಹೆಚ್ಚು ಪ್ರೀತಿ. 1948ರಲ್ಲಿ ಟೆಲಿಫೋನ್ ಕಾರ್ಖಾನೆ ಐಟಿಐ, 1953ರಲ್ಲಿ ಎಚ್‌ಎಂಟಿ, 1954ರಲ್ಲಿ ಬಿಇಎಲ್ ಬಂದವು. ಕಾರ್ಖಾನೆಯ ಜೊತೆಗೆ ಹೊಸ ಬಡಾವಣೆ, ಹೊಸ ಸಂಬಳ, ಚಿಕ್ಕ ಚಿಕ್ಕ ಕೋಣೆ. ಅಂಥ ಮನೆಗಳಿಗೆ ಆಚಾರಿಗಳು ಮನೆಯವರು ತೋರಿಸಿದ ಚಿತ್ರ ನೋಡಿ ಹಗುರವಾಗಿ ಮಾಡಿಕೊಟ್ಟರು. ಮಾಡಿದವರ ಹೆಸರು ಎಲ್ಲೂ ಇಲ್ಲ. ಜೋಡಣೆಯ ಜಾಗದಲ್ಲಿ ಉಳಿಯ ಗೀಟು ಮಾತ್ರ ಇರುತ್ತದೆ: ಒಂದು ಗೀಟಿನ ಕಾಲಿಗೆ ಒಂದು ಗೀಟಿನ ಪಟ್ಟಿ, ಎರಡಕ್ಕೆ ಎರಡು. ಮಂಚ ಬಿಚ್ಚಿದಾಗಲೆಲ್ಲ ಆ ಗೀಟುಗಳ ಮೇಲೆ ಬೆರಳಾಡಿಸುತ್ತೇನೆ. ನನಗೆ ಅದೇ ಸಹಿ.

ಸಿಗುವುದು ಎಲ್ಲಿ ಅಂತ ತುಂಬಾ ಜನ ಕೇಳುತ್ತಾರೆ. ಶಿವಾಜಿನಗರದ ಹಳೇ ಸಾಮಾನಿನ ಅಂಗಡಿಗಳು, ಭಾನುವಾರ ಬೆಳಿಗ್ಗೆ ಸಂಡೆ ಬಜಾರು, ಎಲ್ಲ ಕಡೆ ಸುತ್ತಿದ್ದೇನೆ. ಒಳ್ಳೆಯ ಸಾಮಾನು ಬಹುಪಾಲು ಸಿಕ್ಕಿದ್ದು ಮನೆ ಕೆಡವುವ ಕಡೆ. ರಾಜಾಜಿನಗರ, ಜಯನಗರದ ಸೈಟುಗಳಲ್ಲಿ ಮನೆ ಬಿಲ್ಡರ್ ಕೈಗೆ ಹೋಗುವಾಗ ಸೋಫಾ, ಕುರ್ಚಿಗಳನ್ನು ಬಂಧುಗಳು ಒಯ್ಯುತ್ತಾರೆ. ಬೀರು, ಮಂಚ ಉಳಿದುಬಿಡುತ್ತವೆ. ಅಪಾರ್ಟ್‌ಮೆಂಟಿನಲ್ಲಿ ಗೋಡೆಗೇ ವಾರ್ಡ್‌ರೋಬ್ ಕೂರಿಸಿರುತ್ತಾರೆ, ಹಳೇ ಬೀರುವಿಗೆ ಜಾಗವೆಲ್ಲಿ? ನಾನು ಪೇಪರಿನವರಿಗೆ, ಪಾಲಿಶ್ ಮಾಡುವವರಿಗೆ, ಟಾಟಾ ಏಸ್ ಓಡಿಸುವ ಇಬ್ಬರಿಗೆ ಹೇಳಿಟ್ಟಿದ್ದೇನೆ. ಸುದ್ದಿ ಬರುವುದು ಅವರಿಂದಲೇ.

ಹೋದ ಕೂಡಲೇ ಬೆಲೆ ಕೇಳುವುದಿಲ್ಲ. ಟಾರ್ಚ್ ಹಾಕಿ ಹಿಂಬದಿ, ಅಡಿ ನೋಡುತ್ತೇನೆ. ಮುಂದುಗಡೆ ಎಲ್ಲರೂ ಪಾಲಿಶ್ ಬಳಿದಿರುತ್ತಾರೆ, ಕಾಡುಮರಕ್ಕೆ ಬಣ್ಣ ಹಚ್ಚಿ ತೇಗ ಅನ್ನುವವರೂ ಇದ್ದಾರೆ. ಕಾಣದ ಜಾಗದಲ್ಲಿ ಚಾಕುವಿನ ತುದಿಯಿಂದ ಚೂರು ಕೆರೆದು ಮೂಸಿದರೆ ತೇಗಕ್ಕೆ ಹದ ಮಾಡಿದ ಚರ್ಮದಂಥ ವಾಸನೆ, ಬೆರಳಿಗೆ ಎಣ್ಣೆ ಜಿಡ್ಡು. ಬೀಟೆಯಾದರೆ ಎತ್ತುವಾಗಲೇ ತೂಕ ಹೇಳುತ್ತದೆ, ಬಣ್ಣ ನೇರಳೆಗೆ ತಿರುಗಿದ ಕಪ್ಪು. ತೀರಾ ಅನುಮಾನ ಬಂದಾಗ ಮಲ್ಲೇಶ್ವರದ 18ನೇ ಕ್ರಾಸಿನಲ್ಲಿ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ ಇದೆ, ಮರದ ಜಾತಿ ಗುರುತಿಸುವುದು ಅವರ ಕೆಲಸವೇ. ಡ್ರಾಯರಿನಲ್ಲಿ ಹಾಸಿದ ಹಳೇ ಪ್ರಜಾವಾಣಿ ಸಿಕ್ಕರೆ ಖುಷಿಪಡಿ, ಆದರೆ ಅದೇ ಸಾಮಾನಿನ ಹುಟ್ಟಿದ ವರ್ಷ ಅಂದುಕೊಳ್ಳಬೇಡಿ. ಹಬ್ಬಕ್ಕೊಂದು ಸಲ ಪೇಪರ್ ಬದಲಿಸುವ ಮನೆಗಳು ನಮ್ಮವು.

ಮಂಚದಲ್ಲಿ ನಾನು ಮೊದಲು ನೋಡುವುದು ನಾಲ್ಕು ಮೂಲೆಯ ತೂತು. ಸೊಳ್ಳೆಪರದೆಯ ಕೋಲು ಸಿಕ್ಕಿಸಲು ಕೊರೆದವು ಅವು. ಹಳೆಯ ಮಂಚ ಅನ್ನುವುದಕ್ಕೆ ಒಂದು ಗುರುತು, ತಿಗಣೆಯ ಗೂಡಿಗೂ ಅದೇ ಜಾಗ. ಬಿಳಿ ಹತ್ತಿಯನ್ನು ಕಡ್ಡಿಗೆ ಸುತ್ತಿ ಒಳಗೆ ತಿರುಗಿಸಿ ತೆಗೆಯುತ್ತೇನೆ. ಕಪ್ಪು ಚುಕ್ಕೆ ಅಂಟಿಕೊಂಡು ಬಂದರೆ ಆ ಮಂಚ ಒಂದೇ ಸಲಕ್ಕೆ ನಮ್ಮ ಮನೆಯೊಳಗೆ ಬರುವುದಿಲ್ಲ. ಪಾಲಿಶ್ ಇಲ್ಲದ ಅಡಿಪಟ್ಟಿಗಳನ್ನು ಬಿಚ್ಚಿ ಉಗಿ ಹಾಯಿಸಬಹುದು. ಪಾಲಿಶ್ ಇರುವ ಕಡೆ ಉಗಿ ತಾಗಿಸಿದರೆ ಬೆಳ್ಳಗಾಗುತ್ತದೆ, ಹುಷಾರು.

ಕುಟ್ಟೆ ಹುಳುವಿನ ತೂತು ಕಂಡ ಕೂಡಲೇ ಗಾಬರಿ ಬೇಡ. ತೇಗದ ಚೇಗನ್ನು, ಅಂದರೆ ನಡುವಿನ ಗಟ್ಟಿ ಮರವನ್ನು, ಅವು ಸುಲಭಕ್ಕೆ ಮುಟ್ಟುವುದಿಲ್ಲ, ಹೊರಗಿನ ಬಿಳಿ ಮರವನ್ನು ಹಿಟ್ಟು ಮಾಡುತ್ತವೆ. ಹಳೆಯ ತೂತಿನಲ್ಲಿ ಹುಳು ಎಂದೋ ಹೋಗಿರಬಹುದು. ಅಡಿಗೆ ಕಪ್ಪು ಕಾಗದ ಹಾಸಿ ಮೂರು ವಾರ ಬಿಡಿ. ಹೊಸ ಹಿಟ್ಟು ಉದುರಿದರೆ ಹುಳು ಜೀವಂತ ಇದೆ. ಆಗ ಬೋರಿಕ್ ಆಮ್ಲ, ಬೋರಾಕ್ಸ್ ಎರಡನ್ನೂ ಬಿಸಿನೀರಿನಲ್ಲಿ ಕರಗಿಸಿ ಪಾಲಿಶ್ ಇಲ್ಲದ ಒಳಮೈಗೆ ಬ್ರಶ್ಶಿನಲ್ಲಿ ಎರಡು ಸಲ ಹಚ್ಚುತ್ತೇನೆ. ಪಾಲಿಶ್ ಮೇಲೆ ಹಚ್ಚಿದರೆ ಮರಕ್ಕೆ ಇಳಿಯುವುದೇ ಇಲ್ಲ.

ನಾನು ಕೊಂಡ ಮೊದಲನೇ ಸಾಮಾನು ಹಾಸಿಗೆ ಪಕ್ಕದ ಸಣ್ಣ ಟೇಬಲ್. ಕಾಲಿನ ತುದಿಗೆ ಹಿತ್ತಾಳೆ ಟೋಪಿ, ಮೇಲೆ ಪುಸ್ತಕ ತೆರೆದ ಹಾಗೆ ಎರಡೂ ಕಡೆ ಹೊಂದಿಸಿದ ತೇಗದ ರೇಖೆ. ಮೇಲೆ ಒಂದು ಬಿಸಿ ಲೋಟದ ಬಿಳಿ ಉಂಗುರ ಇತ್ತು, ಅಷ್ಟೇ. ಅದನ್ನು ತೆಗೆಸಲು ಒಂದು ಪಾಲಿಶ್ ಅಂಗಡಿಗೆ ಕೊಟ್ಟೆ. ಅವರು ಮಷೀನು ಹಿಡಿದು ಉಜ್ಜಿದರು. ಆ ರೇಖೆ ಗಟ್ಟಿ ಮರದ್ದಲ್ಲ, ಪ್ಲೈವುಡ್ಡಿನ ಮೇಲೆ ಅಂಟಿಸಿದ ವಿನೀರು, ಒಂದು ಮಿಲಿಮೀಟರೂ ಇರಲಿಲ್ಲ. ಅಂಚಿನಲ್ಲಿ ತೇಗ ಪೂರಾ ಸವೆದು ಒಳಗಿನ ಪದರ ಹೊರಗೆ ಬಂತು. ಅದರ ಮೇಲೆ ಗಾಜಿನ ಹಾಗೆ ಹೊಳೆಯುವ ಪಾಲಿಶ್ ಬಳಿದು ಕೊಟ್ಟರು. ಅರವತ್ತು ವರ್ಷ ಮನೆಮಂದಿಯ ಕೈ ತಾಗಿ ಬಂದ ಜೇನುಬಣ್ಣ ಒಂದು ಮಧ್ಯಾಹ್ನದಲ್ಲಿ ಹೋಯಿತು. ಆ ಟೇಬಲ್ ಈಗಲೂ ನನ್ನ ತಲೆದಸಿಯಲ್ಲೇ ಇದೆ, ನೋಡಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ.

ಅಂದಿನಿಂದ ಉಪ್ಪು ಕಾಗದ ನನ್ನ ಕೊನೆಯ ಅಸ್ತ್ರ. ಮೊದಲು ಯಾವ ಪಾಲಿಶ್ ಅಂತ ತಿಳಿಯಬೇಕು. ಹಿಂಬದಿಯಲ್ಲಿ ಸ್ಪಿರಿಟ್ ಅದ್ದಿದ ಹತ್ತಿ ಒತ್ತಿ ಹಿಡಿದರೆ ಅರಗಿನ ಪಾಲಿಶ್ ಅಂಟಂಟಾಗುತ್ತದೆ. ಐವತ್ತು, ಅರವತ್ತರ ದಶಕದ ಸಾಮಾನು ನನಗೆ ಸಿಕ್ಕಿದ್ದೆಲ್ಲ ಹೆಚ್ಚಾಗಿ ಇದೇ. ಇದರ ದೊಡ್ಡ ಗುಣ ಅಂದರೆ ಹಳೆಯದರ ಮೇಲೇ ಹೊಸದು ಕರಗಿ ಬೆರೆಯುತ್ತದೆ, ಕೆರೆಯಬೇಕಾಗಿಲ್ಲ. ಬಟ್ಟೆಗೆ ಒಂಚೂರು ಸೋಪಿನ ನೀರು ತಾಗಿಸಿ ಹಿಂಡಿ ಒರೆಸುವುದು, ಕೂಡಲೇ ಒಣಬಟ್ಟೆ, ಮಾರನೇ ದಿನ ಟರ್ಪೆಂಟೈನ್. ಎಷ್ಟು ಕಪ್ಪು ಬರುತ್ತದೆ ಅಂದರೆ, ಆ ಜಯನಗರದ ಟೇಬಲ್ಲಿಗೆ ಒಂದು ಹಳೇ ಪಂಚೆ ಪೂರ್ತಿ ಹೋಯಿತು. ಬಿಳಿ ಉಂಗುರಕ್ಕೆ, ಹತ್ತಿ ಉಂಡೆಯನ್ನು ಮಲ್ಲು ಬಟ್ಟೆಯಲ್ಲಿ ಸುತ್ತಿ, ಸ್ಪಿರಿಟ್ ತಾಗಿಸಿ, ಕೈಗೆ ತೇವ ಅನ್ನಿಸದಷ್ಟು ಹಿಂಡಿ, ಒಂದೇ ಕಡೆ ನಿಲ್ಲಿಸದೆ ಸವರುತ್ತ ಹೋಗಬೇಕು. ನಾಲ್ಕನೇ ಸವರಿಗೆ ಉಂಗುರ ಕರಗುವುದನ್ನು ಕಣ್ಣಾರೆ ನೋಡಬಹುದು. ಕೊನೆಗೆ ಟರ್ಪೆಂಟೈನಿನಲ್ಲಿ ಕರಗಿಸಿದ ಜೇನುಮೇಣ. ಕನ್ನಡಿಯ ಅಂಚಿನ ಕಪ್ಪು ಕಲೆಗಳನ್ನು ಮಾತ್ರ ಹಾಗೇ ಬಿಡುತ್ತೇನೆ.

ಅಲುಗಾಡುವ ಕಾಲಿಗೆ ಮೊಳೆ ಹೊಡೆಯಬೇಡಿ. ಇದನ್ನು ನನಗೆ ಕಲಿಸಿದ್ದು ಶ್ರೀರಾಮಪುರದ ಕಡೆಯ ವಯಸ್ಸಾದ ಆಚಾರ್ರು. ಫೆವಿಕಾಲ್ ಬಂದದ್ದು 1959ರಲ್ಲಿ, ಅದಕ್ಕೂ ಮುಂಚೆ ಪ್ರಾಣಿಚರ್ಮ ಕಾಯಿಸಿ ಮಾಡಿದ ಅಂಟು ಹಾಕುತ್ತಿದ್ದರು. "ಅಮ್ಮಾ, ಇದು ಮರವಜ್ರ. ಬಿಸಿನೀರು ತೋರಿಸಿದ್ರೆ ತಾನಾಗೇ ಬಿಡುತ್ತೆ, ಸುತ್ತಿಗೆ ಕೆಳಗಿಡಿ" ಅಂದರು. ಒದ್ದೆ ಬಟ್ಟೆ ಬಿಸಿ ಮಾಡಿ ಸುತ್ತಿ ಕಾಲು ಗಂಟೆ ಕೂತೆವು. ಕಾಲು ಮೆತ್ತಗೆ ಕೈಗೆ ಬಂತು, ಒಂದು ಸೀಳೂ ಇಲ್ಲ. ಹಳೆಯ ಅಂಟು ತೊಳೆದು ಹೊಸದು ಹಾಕಿ ಹಗ್ಗ ಬಿಗಿದು ಒಂದು ರಾತ್ರಿ ಬಿಟ್ಟರು.

ಹಾಸಿಗೆಯ ವಿಷಯ ಮೊದಲೇ ಯೋಚಿಸಿ. ನನ್ನ ಜೋಡಿ ಮಂಚಗಳ ಒಳ ಅಳತೆ 74 ಇಂಚು ಉದ್ದ, 34 ಅಗಲ. ಅಂಗಡಿಯ ಸಿಂಗಲ್ ಹಾಸಿಗೆ 36 ಅಗಲದ್ದು, ಕೂರುವುದೇ ಇಲ್ಲ. ಅದಕ್ಕಿಂತ ದೊಡ್ಡ ತಾಪತ್ರಯ ದಪ್ಪದ್ದು: ಎಂಟು ಹತ್ತು ಇಂಚಿನ ಹಾಸಿಗೆ ಹಾಕಿದರೆ ತಗ್ಗಾದ ತಲೆಹಲಗೆ ಮುಚ್ಚಿಹೋಗುತ್ತದೆ. ನಾನು ಅಳತೆ ಕೊಟ್ಟು ನಾಲ್ಕು ಇಂಚಿನ ಹತ್ತಿ ಹಾಸಿಗೆ ಹೊಲಿಸಿದೆ. ಬೆನ್ನಿಗೂ ಹಿತ.

ಮಳೆಗಾಲದಲ್ಲಿ ಡ್ರಾಯರ್ ಬಿಗಿಯಾಯಿತು ಅಂತ ಜುಲೈನಲ್ಲಿ ತೋಪಡ ಹಿಡಿಯುವವರಿದ್ದಾರೆ. ಮಾರ್ಚಿನಲ್ಲಿ ಅದೇ ಡ್ರಾಯರ್ ಲೊಡಲೊಡ ಅನ್ನುತ್ತದೆ. ಮೇಣದಬತ್ತಿ ಉಜ್ಜಿ ಕಾಯಿರಿ, ಬೇಸಿಗೆಯಲ್ಲೂ ಬಿಗಿಯೇ ಇದ್ದರೆ ಆಗ ಕೆತ್ತಿಸಿ.

ಕಳೆದ ತಿಂಗಳು ರಾಜಾಜಿನಗರದಿಂದ ಒಂದು ಒಂಟಿ ಮಂಚ ತಂದೆ. ತಲೆಹಲಗೆಗೆ ಬೆತ್ತದ ಹೆಣಿಗೆ, ಮೂಲೆಯಲ್ಲಿ ಎರಡು ಎಳೆ ಹರಿದಿದೆ. ಹೆಣೆಯುವವರು ಪೂರಾ ಬದಲಿಸೋಣ ಅಂದರು, ನಾನು ಆ ಎರಡು ಎಳೆ ಮಾತ್ರ ಸಾಕು ಅಂದೆ. ಈಗ ಕಾರ್ ಶೆಡ್ಡಿನಲ್ಲಿ ಕಪ್ಪು ಕಾಗದದ ಮೇಲೆ ನಿಂತಿದೆ. ಇವತ್ತಿಗೆ ಹದಿನೆಂಟು ದಿನ, ಇನ್ನೂ ಹಿಟ್ಟು ಉದುರಿಲ್ಲ. ಭಾನುವಾರ ಒಳಗೆ ತರುತ್ತೇವೆ.