ಸರ್ಕಾರ ಎರಡು ಸಲ ಬಿಡ್ಸಿದ್ರೂ ಬಿಡದ ಗೇಮನ್ನ ನಾನು ಬಿಟ್ಟಿದ್ದು

ನನ್ನ ಗೇಮಿನ ಚಟನ ಸರ್ಕಾರನೇ ಎರಡು ಸಲ ಬಿಡ್ಸೋಕೆ ನೋಡ್ತು, ತಮಾಷೆ ಅಲ್ಲ. 2020ರ ಸೆಪ್ಟೆಂಬರ್ 2ಕ್ಕೆ ನಾನಾಡ್ತಿದ್ದ ಗುಂಡು ಹಾರಿಸೋ ಮೊಬೈಲ್ ಗೇಮ್ ಪಬ್‌ಜಿ ಬ್ಯಾನ್ ಆಯ್ತು, ಅಕ್ಟೋಬರ್ 30ಕ್ಕೆ ಸರ್ವರ್ರೂ ಬಂದ್. ನಮ್ಮವ್ವ ಖುಷಿಗೆ ದುಗ್ಗಮ್ಮನ ಗುಡಿಗೆ ಹೋಗಿ ಕಾಯಿ ಒಡೆಸ್ಕೊಂಡು ಬಂದ್ಲು. ನಾನೇನ್ ಮಾಡ್ದೆ, ಫ್ರೀ ಫೈರ್ ಅನ್ನೋ ಅದೇ ಥರದ ಇನ್ನೊಂದು ಗೇಮ್ ಹಾಕ್ಕೊಂಡೆ, ಅದು ಸೇರ್ಲಿಲ್ಲ ಅಂತ ಬೇರೆಯೋರು ಆಡೋದನ್ನ ಯೂಟ್ಯೂಬಲ್ಲಿ ರಾತ್ರಿ ಎರಡರ ತನಕ ನೋಡ್ತಾ ಬಿದ್ಕೊಂಡೆ. 2021ರ ಜುಲೈಗೆ ಬಿಜಿಎಂಐ ಅಂತ ಹೊಸ ಹೆಸ್ರಲ್ಲಿ ಅದೇ ಗೇಮ್ ವಾಪಸ್ ಬಂತು, ಮೊದಲನೇ ದಿನನೇ ನಾನು ಹಾಜರ್. 2022ರ ಜುಲೈ ಕೊನೆಗೆ ಅದನ್ನೂ ಪ್ಲೇ ಸ್ಟೋರಿಂದ ತೆಗೆದ್ರು. ಆದ್ರೆ ಫೋನಲ್ಲಿ ಮೊದ್ಲೇ ಇದ್ದೋರಿಗೆ ನಡೀತಿತ್ತು, ನನ್ ಫೋನಲ್ಲಿ ಇತ್ತು, ಎಲ್ಲಿ ಹೋಗ್ಬಿಡುತ್ತೋ ಅಂತ ಡಿಸ್‌ಪ್ಲೇ ಒಡೆದ ಫೋನನ್ನ ರಿಪೇರಿಗೂ ಕೊಡದೆ ಒಡಕಲು ಗಾಜಿನ ಮೇಲೇ ಬೆರಳು ಆಡಿಸ್ತಿದ್ದೆ.

ಇದನ್ನ ಯಾಕೆ ಮೊದ್ಲು ಹೇಳ್ತಿದೀನಿ ಅಂದ್ರೆ, ನಾನೂ ಎಲ್ರ ಹಂಗೆ ಡಿಲೀಟ್ ಮಾಡಿದ್ರೆ ಮುಗೀತು ಅಂತ ನಂಬಿದ್ದೋನು. ಏಳೋ ಎಂಟೋ ಸಲ ಡಿಲೀಟ್ ಮಾಡಿದೀನಿ, ಲೆಕ್ಕ ಇಟ್ಟಿಲ್ಲ. ಗೇಮ್ ಹೋಗ್ತಿತ್ತು, ರಾತ್ರಿ ಒಂಬತ್ತರಿಂದ ಒಂದು ಗಂಟೆ ತನಕದ ಆ ನಾಲ್ಕು ತಾಸು ಎಲ್ಲಿಗೂ ಹೋಗ್ತಿರ್ಲಿಲ್ಲ. ಅದು ಬಾಯಿ ತಕ್ಕೊಂಡು ಹಂಗೇ ಕೂತಿರ್ತಿತ್ತು.

ನಮ್ದು ದಾವಣಗೆರೆ, ಮನೆ ನಿಟುವಳ್ಳಿ ಕಡೆ. ಅಪ್ಪಾಜಿದು ಮೋಟಾರ್ ವೈಂಡಿಂಗ್ ಅಂಗಡಿ. ರೈತ್ರು ಸುಟ್ಟೋದ ಪಂಪ್‌ಸೆಟ್ ಮೋಟ್ರು ತರ್ತಾರೆ, ಹಳೇ ತಾಮ್ರ ಬಿಚ್ಚಿ ಹೊಸದು ಸುತ್ತಿ ಕೊಡೋದು ಕೆಲಸ. ನಾನು ಡಿಪ್ಲೊಮಾ ಅರ್ಧಕ್ಕೆ ಬಿಟ್ಟು ಲಾಕ್‌ಡೌನಲ್ಲಿ ಮನೆ ಸೇರಿದೋನು, ಅಂಗಡಿಗೆ ಹೋಗ್ತಿದ್ದೆ ಅನ್ನೋದು ಹೆಸರಿಗೆ. ಬೆಳಗ್ಗೆ ಹನ್ನೊಂದಕ್ಕೆ ಹೋಗಿ ಮೂಲೇಲಿ ತೂಕಡಿಸೋದು, ಏಳಕ್ಕೆ ಬಾಗ್ಲು ಹಾಕೋದೇ ತಡ ಮನೆಗೆ ಓಡೋದು. ಸ್ಕ್ವಾಡ್, ಅಂದ್ರೆ ಗೇಮಲ್ಲಿ ಜೊತೆಗೆ ಆಡೋ ತಂಡ, ಕಾಯ್ತಿರ್ತಿತ್ತು. ನಾವು ನಾಲ್ಕು ಜನ, ಒಬ್ಬ ಹರಿಹರ, ಒಬ್ಬ ಹುಬ್ಬಳ್ಳಿ, ಒಬ್ಬ ಬೆಂಗಳೂರು. ಏಸ್ ರ‍್ಯಾಂಕ್ ತನಕ ಹೋಗಿದ್ದೆ, ಅದು ಸೀಸನ್ ಮುಗಿದ ತಕ್ಷಣ ಕೆಳಗೆ ಬೀಳುತ್ತೆ, ಮತ್ತೆ ಹತ್ತೋದು, ಮತ್ತೆ ಬೀಳೋದು. ಈಗ ಯೋಚ್ನೆ ಮಾಡಿದ್ರೆ ನಗು ಬರುತ್ತೆ, ಸಂಬಳ ಇಲ್ದೆ ಇಷ್ಟು ನಿಯತ್ತಾಗಿ ನಾನು ಯಾವ ಕೆಲ್ಸಾನೂ ಮಾಡಿಲ್ಲ. ಸಂಬಳ ಬಿಡಿ, ಗೇಮ್ ಒಳಗಿನ ದುಡ್ಡು ಯುಸಿ, ಬಹುಮಾನ ಸಿಗೋ ರಾಯಲ್ ಪಾಸ್ ಅಂತ ನಾನೇ ದುಡ್ಡು ಕಟ್ತಿದ್ದೆ. ಆಮೇಲೊಂದು ದಿನ ಫೋನ್‌ಪೇ ಹಿಸ್ಟರಿ ತಗ್ದು ಕೂಡಿಸಿ ನೋಡ್ದೆ, ಹನ್ನೊಂದು ಸಾವಿರದ ಚಿಲ್ರೆ.

2022ರ ದುಗ್ಗಮ್ಮನ ಜಾತ್ರೆ. ಗೊತ್ತಲ್ಲ, ಎರಡು ವರ್ಷಕ್ಕೊಮ್ಮೆ ಬರೋದು, ಮನೆ ತುಂಬಾ ನೆಂಟ್ರು, ಬೀದಿ ತುಂಬಾ ಮಸಾಲೆ ವಾಸ್ನೆ. ಊಟಕ್ಕೆ ಕೂತ ನಮ್ಮ ಸೋದರಮಾವ ಕೇಳಿದ್ರಂತೆ, ಹುಡುಗ ಊರಲ್ಲಿಲ್ವಾ ಅಂತ. ನಾನು ಮಹಡಿ ಮೇಲಿನ ರೂಮಲ್ಲೇ ಇದ್ದೆ. ಅವ್ವ ಏನ್ ಹೇಳಿದ್ಲು ಅಂದ್ರೆ, ಹೂಂ ಬೆಂಗಳೂರಿಗೆ ಹೋಗಿದಾನೆ. ಮೆಟ್ಲು ಮೇಲೆ ನಿಂತು ನನ್ ಕಿವೀಲೇ ಕೇಳಿಸ್ಕೊಂಡೆ. ನಾಚ್ಕೆ ಆಯ್ತು, ಹೌದು, ಆದ್ರೆ ವಾಪಸ್ ಹತ್ತಿ ಹೋಗಿ ಮ್ಯಾಚ್ ಮುಗಿಸ್ದೆ. ನಾಚ್ಕೆಯಿಂದ ಯಾರೂ ಗೇಮ್ ಬಿಡಲ್ಲ. ಬೈಯೋ ಅಪ್ಪ ಅಮ್ಮಂದ್ರಿಗೆ ಇದೊಂದು ಗೊತ್ತಿರ್ಲಿ, ನಾಚ್ಕೆ ಆದಾಗ ಮುಖ ಮುಚ್ಕೊಳೋಕೆ ಇರೋ ಜಾಗನೇ ಆ ಗೇಮು.

ಬಿಟ್ಟಿದ್ದು 2023ರ ಜನವರಿ ಕೊನೇಲಿ, ಒಂದು ಮೋಟ್ರಿಂದ. ಬೇಸಿಗೆ ಭತ್ತಕ್ಕೆ ಸಸಿ ಮಡಿ ಹಾಕ್ಕೊಂಡಿದ್ದ ನೀರಿನ ಚಾನೆಲ್ (ಕಾಲುವೆ) ಕೊನೆ ಭಾಗದ ರೈತ್ರೊಬ್ರು, ಹಳ್ಳದಿಂದ ನೀರೆತ್ತೋ 5 ಎಚ್‌ಪಿ ಮಾನೋಬ್ಲಾಕ್ (ಮೋಟ್ರು, ಪಂಪು ಒಂದೇ ಆಗಿರೋದು) ತಂದಿದ್ರು. ಅಪ್ಪಾಜಿ ಮದ್ವೆಗೆ ಹೋಗಿದ್ರು, ನಾನೇ ಸುತ್ತಿದೆ. ಹಿಂದಿನ ರಾತ್ರಿ ಎರಡೂವರೆಗೆ ಮಲಗಿದ್ದು. ಕಾಯಿಲ್ ಸುತ್ತೋ ಕೈ ಮಿಷನ್ನಿನ ಕೌಂಟರ್ ಕೆಟ್ಟಿತ್ತು, ಬಾಯಲ್ಲೇ ಎಣಿಸ್ಬೇಕು, 38 ಸುತ್ತು. ಸುತ್ತಿ, ಸ್ಲಾಟಿಗೆ ಕೂರಿಸಿ, ಪೇಪರ್ ಇಟ್ಟು, ದಾರ ಕಟ್ಟಿ, ವಾರ್ನಿಷ್ ಹೊಡ್ದು ಒಣಗಿಸಿ ಕೊಟ್ಟು ಕಳ್ಸಿದೆ. ಓಡಿಸಿ ನೋಡಿದ್ದೆ, ಓಡ್ತು. ಆದ್ರೆ ಕರೆಂಟ್ ಅಳೆಯೋ ಟಾಂಗ್ ಟೆಸ್ಟರ್ ಹಿಡ್ದು ಮೂರೂ ಫೇಸಿನ ಆಂಪ್ಸ್ ನೋಡ್ಲಿಲ್ಲ, ನೋಡಿದ್ರೆ ಅಲ್ಲೇ ಸಿಕ್ಕಾಕ್ಕೊಳ್ತಿತ್ತು.

ಮೂರನೇ ದಿನ ಮೋಟ್ರು ವಾಪಸ್ ಬಂತು, ಕರ್ರಗೆ ಸುಟ್ಟು. ಅಪ್ಪಾಜಿ ಒಂದ್ ಮಾತಾಡ್ಲಿಲ್ಲ. ಉಳಿ ಇಟ್ಟು ಕಾಯಿಲ್ ಕತ್ತರಿಸಿ, ಕತ್ತರಿಸಿದ ತುದೀನ ಬೆಳಕಿಗೆ ತಿರುಗ್ಸಿ, ಕಟಿಂಗ್ ಪ್ಲೇಯರ್ ಮೂತೀಲಿ ಒಂದೊಂದೇ ತಂತಿ ಬಗ್ಗಿಸ್ತಾ ಜೋರಾಗಿ ಎಣಿಸೋಕೆ ಶುರು ಮಾಡಿದ್ರು. ರೈತ್ರು ಸ್ಟೂಲ್ ಮೇಲೆ ಕೂತಿದ್ರು, ನಾನು ಪಕ್ಕದಲ್ಲಿ ನಿಂತಿದ್ದೆ. ಮೂವತ್ತೊಂದು, ಮೂವತ್ತೆರಡು, ಮೂವತ್ತಮೂರು. ಅಷ್ಟಕ್ಕೆ ತಂತಿ ಮುಗೀತು. ಸುತ್ತು ಕಮ್ಮಿ ಆದ ಫೇಸು ಜಾಸ್ತಿ ಕರೆಂಟ್ ಎಳೆಯುತ್ತೆ, ಬಿಸಿ ಆಗುತ್ತೆ, ಸುಡುತ್ತೆ, ಅಷ್ಟೇ ಕಥೆ. ಅಪ್ಪಾಜಿ ಕೇಳಿದ್ದು ಒಂದೇ, "ರಾತ್ರಿ ಎಷ್ಟೊತ್ತಿಗೆ ಮಲಗಿದ್ದಲೇ?" ಆ ರೈತ್ರು, "ಏ ಹೋಗ್ಲಿ ಬಿಡ್ರಿ, ಹುಡುಗ್ರು, ಕಲೀತಾರೆ" ಅಂದ್ರು ನೋಡಿ, ಬೈದಿದ್ರೆ ಇಷ್ಟು ನೋವಾಗ್ತಿರ್ಲಿಲ್ಲ. ಅವ್ರ ಸಸಿ ಮಡಿ ಆ ಹೊತ್ತಿಗೆ ಬಿರುಕು ಬಿಟ್ಟಿತ್ತು.

ಅವತ್ತು ರಾತ್ರಿ ಸ್ಕ್ವಾಡ್ ಗ್ರೂಪಿಗೆ ವಾಯ್ಸ್ ಮೆಸೇಜ್ ಹಾಕ್ದೆ, ಇನ್ಮೇಲೆ ಬರಲ್ಲ ಕಣ್ರೋ ಅಂತ. ಹುಬ್ಬಳ್ಳಿಯವನು ನಕ್ಕ, ಬೆಂಗಳೂರಿನವನು ಒಂದೇ ಲಾಸ್ಟ್ ಮ್ಯಾಚ್ ಅಂದ. ಫೋನನ್ನ ಅಂಗಡಿ ಗಲ್ಲಾ ಡ್ರಾಯರ್‌ಗೆ ಹಾಕಿ ಬೀಗ ಹಾಕೋದು, ಬೀಗದ ಕೈ ಅಪ್ಪಾಜಿ ಹತ್ರ. ರಾತ್ರಿ ಹೊತ್ತು ಗಿರಾಕಿ ಫೋನ್ ಬಂದ್ರೆ ಅಂತ ಸಿಮ್ ತಗ್ದು ಕೀಪ್ಯಾಡ್ ಸೆಟ್ಟಿಗೆ ಹಾಕ್ದೆ. ಬೆಳಗ್ಗೆ ಏಳೋಕೆ ನೂರೈವತ್ತು ರೂಪಾಯಿ ಅಲಾರಂ ಗಡಿಯಾರ. ಇಷ್ಟೇ ನನ್ನ ಟೆಕ್ನಿಕ್, ಇದ್ರಲ್ಲಿ ಯಾವ ಆ್ಯಪೂ ಇಲ್ಲ. ಗೇಮ್ ಬಿಡ್ಸೋಕೆ ಆ್ಯಪ್ ಹಾಕ್ಕೊಳೋದು ನನಗಂತೂ ಅರ್ಥ ಆಗಿಲ್ಲ.

ಮೊದಲ ಮೂರು ವಾರ ಹೆಂಗಿತ್ತು ಅಂತ ಯಾರೂ ಸರಿಯಾಗಿ ಹೇಳಲ್ಲ, ನಾನು ಹೇಳ್ತೀನಿ. ಬೇಜಾರು. ಬೇರೇನೂ ಅಲ್ಲ, ಬರೀ ಬೇಜಾರು, ಮೈಯೆಲ್ಲ ಕೆರೆಯೋವಷ್ಟು ಬೇಜಾರು. ಒಂಬತ್ತಕ್ಕೆ ಊಟ ಮುಗಿಯುತ್ತೆ, ಫ್ಯಾನ್ ನೋಡ್ತಾ ಮಲಗ್ತೀನಿ, ಹತ್ತಾಯ್ತೇನೋ ಅನ್ಸುತ್ತೆ, ನೋಡಿದ್ರೆ ಒಂಬತ್ತೂ ಹತ್ತು. ಸಾರಿಗೆ ಉಪ್ಪು ಜಾಸ್ತಿ ಅಂತ ಅವ್ವನ ಮೇಲೆ ರೇಗಿದೀನಿ. ಪುಸ್ತಕ ಓದ್ತೀನಿ ಅಂತ ತಂದೆ, ಎರಡು ಪುಟ ದಾಟ್ಲಿಲ್ಲ. ಹೆಬ್ಬೆರಳು ತನ್ನಷ್ಟಕ್ಕೆ ತಾನು ಆಡ್ತಿತ್ತು, ಇಲ್ಲದ ಬಟನ್ ಒತ್ತೋ ಥರ.

ಹಂಗಂತ ನಂದು ಕಾಯಿಲೆ ಅಂತ ನಾನು ಹೇಳಲ್ಲ. ವಿಶ್ವ ಆರೋಗ್ಯ ಸಂಸ್ಥೆ ಗೇಮಿಂಗ್ ಡಿಸಾರ್ಡರ್ ಅಂತ ಒಂದನ್ನ ಕಾಯಿಲೆ ಪಟ್ಟಿಗೆ ಸೇರ್ಸಿದೆ, ಆ ಪಟ್ಟಿ 2022ರ ಜನವರಿ 1ರಿಂದ ಜಾರಿ. ಹಿಡಿತ ತಪ್ಪಿರ್ಬೇಕು, ಬೇರೆ ಎಲ್ಲಕ್ಕಿಂತ ಗೇಮೇ ಮೇಲಾಗಿರ್ಬೇಕು, ಹಾಳಾಗ್ತಿದೆ ಅಂತ ಗೊತ್ತಿದ್ರೂ ಆಡ್ತಿರ್ಬೇಕು, ಅದೂ ಸಾಮಾನ್ಯವಾಗಿ ಒಂದು ವರ್ಷ ಹಂಗೇ ನಡೆದಿರ್ಬೇಕು, ಆಗ ಡಾಕ್ಟ್ರು ಹಂಗಂತಾರೆ. ಓದಿ ನನಗೂ ಭಯ ಆಗಿತ್ತು. ನನಗೆ ಅಂಗಡಿ ಇತ್ತು, ಅಪ್ಪಾಜಿ ಇದ್ರು, ಹೆಂಗೋ ಆಯ್ತು. ಯಾರಿಗೆ ನಿದ್ದೆನೇ ಬರಲ್ವೋ, ಮನೇಲಿ ಹೊಡೆದಾಟದ ತನಕ ಹೋಗಿದ್ಯೋ, ಅವ್ರು ನನ್ ಕಥೆ ಓದ್ತಾ ಕೂರೋದು ಬೇಡ. ಬೆಂಗಳೂರಿನ ನಿಮ್ಹಾನ್ಸಲ್ಲಿ ಇದಕ್ಕೇ ಅಂತ ಶಟ್ ಕ್ಲಿನಿಕ್ 2014ರಿಂದ ಇದೆ, ಅಷ್ಟು ದೂರ ಆಗಲ್ಲ ಅಂದ್ರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ದುಡ್ಡು ಕೇಳಲ್ಲ, ಕನ್ನಡದಲ್ಲೇ ಮಾತಾಡ್ತಾರೆ.

ನಾಲ್ಕನೇ ವಾರ ಅಪ್ಪಾಜಿ ಕಾಯಿಲ್ ಮಿಷನ್ ಮನೆಗೇ ತಂದ್ರು. ಏನೂ ಹೇಳ್ಲಿಲ್ಲ, ಪಡಸಾಲೇಲಿ ಇಟ್ರು, ತಂತಿ ರೀಲ್ ಇಟ್ರು, "ಬಾ, ಎಣಿಸು" ಅಂದ್ರು. ಅವ್ರು ತಂತಿ ಬಿಗಿ ಹಿಡಿಯೋದು, ನಾನು ಹಿಡಿ ತಿರುಗಿಸ್ತಾ ಎಣಿಸೋದು. ಮಧ್ಯ ಮಾತಾಡಂಗಿಲ್ಲ, ಮಾತಾಡಿದ್ರೆ ಲೆಕ್ಕ ತಪ್ಪುತ್ತೆ. ಕಾಯಿಲ್ಲಿಂದ ಕಾಯಿಲ್ಲಿಗೆ ಮಧ್ಯೆ ಒಂದೊಂದು ಮಾತು. ಹಂಗೇ ಅಪ್ಪಾಜಿ ಇಪ್ಪತ್ತನೇ ವಯಸ್ಸಲ್ಲಿ ಈ ಕೆಲಸ ಕಲಿಯೋಕೆ ಯಾರ ಅಂಗಡೀಲಿ ಕಸ ಹೊಡೀತಿದ್ರು, ಯಾಕೆ ಓಡಿ ಬಂದಿದ್ರು, ಎಲ್ಲ ಗೊತ್ತಾಯ್ತು. ಹನ್ನೊಂದಕ್ಕೆ ಕಣ್ಣು ಎಳೀತಿತ್ತು.

ಬೇಗ ಮಲಗಿದ್ರೆ ಬೇಗ ಎಚ್ಚರ ಆಗುತ್ತೆ, ಎಚ್ಚರ ಆಗಿ ಏನ್ ಮಾಡೋದು, ಹಳೇ ಸೈಕಲ್ ತಗೊಂಡು ಕುಂದವಾಡ ಕೆರೆಗೆ ಹೋಗೋಕೆ ಶುರು ಮಾಡ್ದೆ. ಮೊದಲ ವಾರ ಯಾರ ಜೊತೆನೂ ಮಾತಿಲ್ಲ. ಆಮೇಲೆ ಏರಿ ಮೇಲೆ ದಿನಾ ಒಂದೇ ಜಾಗದಲ್ಲಿ ಕೂರೋ ಅಜ್ಜ ಒಬ್ರು ತಾವೇ ಕರೆದ್ರು, ಕಾಟನ್ ಮಿಲ್ಲಲ್ಲಿ ಕೆಲಸ ಮಾಡಿ ರಿಟೈರ್ ಆದೋರು. "ತಮ್ಮಾ, ಅಲ್ಲಿ ಮುಳುಗಿ ಏಳ್ತೈತಲ್ಲ ಕರೇದು, ಅದು ನೀರುಕಾಗೆ" ಅಂತ ತೋರಿಸಿದ್ರು. ಊರಿಗೆ ಕುಡಿಯೋ ನೀರು ಕೊಡೋ ಕೆರೆ, ಹುಟ್ಟಿದಾಗಿಂದ ಅದೇ ನೀರು ಕುಡ್ದಿದೀನಿ, ಅಲ್ಲಿರೋ ಒಂದು ಹಕ್ಕಿ ಹೆಸರು ನನಗೆ ಗೊತ್ತಿರ್ಲಿಲ್ಲ. ಆದ್ರೆ ಗೇಮಿನ ಎರೆಂಗಲ್ ಮ್ಯಾಪಲ್ಲಿ ಯಾವ ಮನೇಲಿ ಎಷ್ಟು ಕಿಟಕಿ ಅಂತ ಕೇಳಿ, ಈಗ್ಲೂ ಹೇಳ್ತೀನಿ.

ಎಲ್ಲಕ್ಕಿಂತ ಕಷ್ಟ ಆಗಿದ್ದು ಸ್ಕ್ವಾಡ್ ಬಿಟ್ಟಿದ್ದು. ಗೇಮ್ ಅಂದ್ರೆ ಮನುಷ್ಯರಿಂದ ದೂರ ಆಗೋದು ಅಂತಾರೆ, ಪೂರ್ತಿ ನಿಜ ಅಲ್ಲ ಅದು, ಮೂರು ವರ್ಷ ದಿನಾ ನನ್ನ ಹೆಸರು ಹಿಡ್ದು ಕರೆದೋರು ಅವರೇ. ಹರಿಹರದವನ ದನಿ ನನಗೆ ನಮ್ಮ ಅಣ್ಣನ ದನಿಗಿಂತ ಚೆನ್ನಾಗಿ ಗೊತ್ತು. ದಾವಣಗೆರೆಯಿಂದ ಹರಿಹರ ಹದಿನಾಲ್ಕು ಕಿಲೋಮೀಟರ್, ಒಂದ್ ಸಲನೂ ಮುಖ ನೋಡಿರ್ಲಿಲ್ಲ. ಒಂದು ಭಾನುವಾರ ಫೋನ್ ಮಾಡಿ ಸೈಕಲ್ ಹತ್ತಿ ಹೋದೆ. ಹರಿಹರೇಶ್ವರ ಗುಡಿ ಹತ್ರ ಸಿಗೋಣ ಅಂದಿದ್ದ. ನಾನು ದಾಂಡಿಗ ಇರ್ತಾನೆ ಅಂದ್ಕೊಂಡಿದ್ದೆ, ಕಡ್ಡಿ ಥರ ಇದ್ದ, ಕನ್ನಡಕ ಬೇರೆ. ಇಬ್ರೂ ಗುಡಿ ಒಳಗೆ ಸುತ್ತಿದ್ವಿ, ಹೊಯ್ಸಳರ ಕಾಲದ್ದು, 1224ರ ಹೊತ್ತಿಗೆ ಕಟ್ಟಿದ್ದು, ಕಂಬಗಳು ಕನ್ನಡಿ ಹಂಗೆ ಹೊಳೀತವೆ, ಆಮೇಲೆ ತುಂಗಭದ್ರೆ ದಡದಲ್ಲಿ ಕೂತ್ವಿ, ಮಾತೇ ಇಲ್ಲ. ಮೂರು ವರ್ಷ ಬಾಯಿ ಮುಚ್ಚದೆ ಮಾತಾಡಿದೋರಿಗೆ ಗೇಮ್ ತೆಗೆದ್ರೆ ಒಂದು ಮಾತು ಉಳಿದಿಲ್ಲ. ಕೊನೆಗೆ ಮಂಡಕ್ಕಿ ಮಿರ್ಚಿ ತಿನ್ನೋವಾಗ ಅವ್ನೇ ಅಂದ, "ನಿಂಗೆ ಗೊತ್ತಾ, ನಮ್ಮಪ್ಪ ಹೋಗಿ ಎರಡು ವರ್ಷ ಆಯ್ತು, ಅವತ್ತು ರಾತ್ರಿನೂ ನಾನು ಆಡಿದೀನಿ, ನಿಮ್ಗ್ಯಾರಿಗೂ ಹೇಳಿಲ್ಲ." ಮಿರ್ಚಿ ಕೈಯಲ್ಲೇ ಉಳೀತು.

ಅಲ್ಲಿಂದ ಭಾನುವಾರ ಭಾನುವಾರ ಸಿಗೋದು ಅಂತ ಆಯ್ತು.

ಎಲ್ಲ ಸರಿ ಹೋಯ್ತು ಅನ್ನೋ ಹೊತ್ತಿಗೆ 2023ರ ಮೇ ಕೊನೇಲಿ ಬಿಜಿಎಂಐ ಮತ್ತೆ ಸ್ಟೋರಿಗೆ ಬಂತು. ದೊಡ್ಡೋರಿಗೆ ದಿನಕ್ಕೆ ಆರು ತಾಸು ಮಾತ್ರ ಅಂತ ಮಿತಿ ಬೇರೆ ಹಾಕಿದ್ರು. ನನ್ನಂಥೋನಿಗೆ ಅದು ಮಿತಿನೋ ಟಾರ್ಗೆಟ್ಟೋ ಹೇಳಿ. ಹಗಲು ಹೊತ್ತಲ್ಲೇ ಅಂಗಡೀಲಿ ಹಾಕ್ಕೊಂಡೆ, ರಾತ್ರಿ ಬೀಗಕ್ಕೆ ಏನೋ ಸುಳ್ಳು ಹೇಳಿ ಫೋನ್ ಮನೆಗೆ ತಂದೆ, ಹನ್ನೊಂದು ದಿನ ಆಡಿದೆ. ಕೆರೆಗೆ ಹೋಗ್ಲಿಲ್ಲ, ಭಾನುವಾರ ಹರಿಹರಕ್ಕೂ ಮೈ ಹುಷಾರಿಲ್ಲ ಅಂತ ಹೇಳ್ದೆ. ಹನ್ನೆರಡನೇ ದಿನ ಬೆಳಗ್ಗೆ ಕೀಪ್ಯಾಡ್ ಫೋನ್ ಹೊಡ್ಕೊಂತು, ಕೆರೆ ಅಜ್ಜ. ನಂಬರ್ ಕೊಟ್ಟಿದ್ದೇ ಮರೆತಿದ್ದೆ. "ಯಾಕಪ್ಪಾ, ಜ್ವರ ಗಿರ ಬಂದಾವೇನು? ನಾನು ದಿನಾ ಜಾಗ ಹಿಡ್ದು ಕೂರ್ತೀನಿ" ಅಂದ್ರು. ಹಿಂದೆಲ್ಲಾ ಡಿಲೀಟ್ ಮಾಡಿದಾಗ ನನ್ನ ಜಾಗ ಹಿಡಿದೋರು ಗೇಮ್ ಒಳಗೇ ಇರ್ತಿದ್ರು, ಈ ಸಲ ಹೊರಗೆ ಒಬ್ರು ಇದ್ರು. ಡಿಲೀಟ್ ಮಾಡಿ, ಜೊತೆಗೆ ಅಕೌಂಟ್ ಕೂಡ ತೆಗೆದು ಹಾಕಿ ಸೈಕಲ್ ಹತ್ತಿದೆ. ಅದಾದ್ಮೇಲೆ ಹಾಕಿಲ್ಲ.

ಹರಿಹರದವನು ಈಗ್ಲೂ ಆಡ್ತಾನೆ, ಶನಿವಾರ ಒಂದು ತಾಸು, ಆಡಿ ಎತ್ತಿಡ್ತಾನೆ. ಅವ್ನಿಗೆ ಆಗುತ್ತೆ, ನನಗೆ ಆಗಲ್ಲ, ಇದ್ರಲ್ಲಿ ಅವ್ನ ಹೆಚ್ಚುಗಾರಿಕೆ ಏನೂ ಇಲ್ಲ ಅಂತ ನಾನು, ಇದೆ ಅಂತ ಅವ್ನು, ಜಗಳ ಇನ್ನೂ ಮುಗಿದಿಲ್ಲ. ಆ ಸುಟ್ಟ ಮೋಟ್ರಿನ ರೈತ್ರು ಕಳೆದ ತಿಂಗ್ಳು ಬೇರೆ ಮೋಟ್ರು ತಂದಿದ್ರು, ನನ್ನನ್ನ ನೋಡಿ ಮೊದ್ಲು ಅಪ್ಪಾಜಿ ಎಲ್ಲಿ ಅಂದ್ರು. ಟಾಂಗ್ ಟೆಸ್ಟರ್ ಅವ್ರ ಕೈಗೇ ಕೊಟ್ಟು ಮೂರೂ ಫೇಸ್ ನೋಡಿ ಅಂದೆ, ನೋಡಿದ್ರು, ಏನೂ ಅನ್ಲಿಲ್ಲ, ದುಡ್ಡು ಮಾತ್ರ ಚೌಕಾಸಿ ಮಾಡ್ದೆ ಕೊಟ್ಟು ಹೋದ್ರು.

ಈ ಭಾನುವಾರ ಇಬ್ರೂ ಸೂಳೆಕೆರೆ ತನಕ ಸೈಕಲಲ್ಲಿ ಹೋಗೋದು ಅಂತ ಆಗಿದೆ. ಬಿಸಿಲಿಗೆ ಮುಂಚೆ ತಲುಪ್ಬೇಕು ಅಂದ್ರೆ ನಾಲ್ಕೂವರೆಗೇ ಬಿಡ್ಬೇಕು. ಹಿಂದಿನ ಚಕ್ರ ಗಾಳಿ ನಿಲ್ತಿಲ್ಲ, ಪಂಚರ್ ಅಂಗಡಿಯವನು ಬಾಗ್ಲು ಹಾಕೋದ್ರೊಳಗೆ ಹೋಗ್ಬೇಕು.