ಡಬ್ಬದ ಮೇಲೆ 10 ಕೋರ್, ಪರದೆಯ ಮೇಲೆ 12: ಪ್ರೊಸೆಸರ್‌ ನಕ್ಷೆಯನ್ನು ಲಿನಕ್ಸ್‌ನಿಂದಲೇ ಓದುವುದು ಹೇಗೆ?

ಇಂಟೆಲ್‌ನ ಐ5-1235ಯು ಚಿಪ್ ಇರುವ ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕಿ ಸಿಸ್ಟಮ್ ಮಾನಿಟರ್ ತೆರೆದರೆ 12 ಗೆರೆಗಳು ಏರಿಳಿಯುತ್ತಿರುತ್ತವೆ. ಡಬ್ಬದ ಮೇಲೆ ನೋಡಿದರೆ '10 ಕೋರ್' ಎಂದಿರುತ್ತದೆ. ಎರಡೂ ಲೆಕ್ಕ ಸರಿಯೇ. ಯಾವ ಗೆರೆ ಯಾವ ಕೋರಿನದು, ಯಾವೆರಡು ಗೆರೆಗಳು ಒಂದೇ ಕೋರಿಗೆ ಜೋತುಬಿದ್ದಿವೆ ಎಂಬುದು ಲಿನಕ್ಸ್‌ನ ತಿರುಳಾದ ಕರ್ನಲ್‌ಗೆ ಗೊತ್ತಿದೆ. ಗೊತ್ತಿರುವುದನ್ನು ಅದು ಮುಚ್ಚಿಟ್ಟುಕೊಂಡೂ ಇಲ್ಲ, ಪುಟ್ಟ ಪುಟ್ಟ ಪಠ್ಯ ಫೈಲುಗಳಲ್ಲಿ ಬಿಚ್ಚಿಟ್ಟಿದೆ. ಓದುವುದಕ್ಕೆ ಪಾಸ್‌ವರ್ಡೂ ಬೇಡ, ಹೊಸ ಸಾಫ್ಟ್‌ವೇರೂ ಬೇಡ.

ಒಂದು ಸೂಚನೆ: ಇಲ್ಲಿ ಕನ್ನಡದಲ್ಲಿ ಕೊಟ್ಟಿರುವ ಆದೇಶಗಳನ್ನೂ ಫೈಲಿನ ಹೆಸರುಗಳನ್ನೂ ಟೈಪ್ ಮಾಡುವಾಗ ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ ಹೊಡೆಯಬೇಕು.

ಮೊದಲು ಸಾರಾಂಶ

ಟರ್ಮಿನಲ್ ತೆರೆದು ಎಲ್, ಎಸ್, ಸಿ, ಪಿ, ಯು ಎಂಬ ಐದು ಅಕ್ಷರಗಳನ್ನು ಒತ್ತೊತ್ತಾಗಿ ಹೊಡೆದು ಎಂಟರ್ ಒತ್ತಿ. 'ಎಲ್‌ಎಸ್‌ಸಿಪಿಯು' ಎಂಬ ಈ ಆದೇಶ ಹೆಚ್ಚುಕಡಿಮೆ ಎಲ್ಲ ಲಿನಕ್ಸ್‌ಗಳಲ್ಲೂ ಮೊದಲೇ ಇರುತ್ತದೆ. ಬರುವ ಉದ್ದ ಪಟ್ಟಿಯಲ್ಲಿ ಮೂರು ಸಾಲು ಹುಡುಕಿ: ಸಾಕೆಟ್ (ಪ್ರೊಸೆಸರ್ ಚಿಪ್ ಕೂರುವ ಜಾಗ) ಎಷ್ಟು, ಪ್ರತಿ ಸಾಕೆಟ್‌ಗೆ ಕೋರ್ ಎಷ್ಟು, ಪ್ರತಿ ಕೋರಿಗೆ ಥ್ರೆಡ್ (ಕೋರು ಒಟ್ಟಿಗೆ ನಡೆಸಬಲ್ಲ ಕೆಲಸದ ಎಳೆ) ಎಷ್ಟು. ಹಳೆಯ ಚಿಪ್‌ಗಳಲ್ಲಿ ಈ ಮೂರನ್ನು ಗುಣಿಸಿದರೆ ಒಟ್ಟು ಸಿಪಿಯು (ಲಿನಕ್ಸ್ ಲೆಕ್ಕದಲ್ಲಿ ಒಂದೊಂದು ಥ್ರೆಡ್ಡೂ ಒಂದು ಸಿಪಿಯು) ಸಂಖ್ಯೆ ಕರಾರುವಾಕ್ಕಾಗಿ ಬರುತ್ತದೆ.

1235ಯು ಈ ಗುಣಾಕಾರಕ್ಕೆ ಒಗ್ಗುವುದಿಲ್ಲ. ಕೋರು 10; ಪ್ರತಿ ಕೋರಿಗೆ ಥ್ರೆಡ್ 1 ಅಂದರೆ 10, 2 ಅಂದರೆ 20. ಹನ್ನೆರಡು ಎಲ್ಲಿಂದ ಬಂತು? ಈ ಚಿಪ್ಪಿನೊಳಗೆ ಎರಡು ಜಾತಿಯ ಕೋರುಗಳಿವೆ. ಪರ್ಫಾರ್ಮೆನ್ಸ್ ಕೋರ್, ಅಂದರೆ ಪಿ ಕೋರ್ ಎರಡು. ಅವುಗಳಲ್ಲಿ ತಲಾ ಎರಡು ಥ್ರೆಡ್. ಎಫಿಶಿಯೆನ್ಸಿ ಕೋರ್, ಅಂದರೆ ಇ ಕೋರ್ ಎಂಟು. ಅವಕ್ಕೆ ತಲಾ ಒಂದೇ. ನಾಲ್ಕು ಮತ್ತು ಎಂಟು, ಒಟ್ಟು ಹನ್ನೆರಡು. ಪ್ರತಿ ಕೋರೂ ಒಂದೇ ಬಗೆಯದು ಎಂದು ನಂಬಿದ್ದ ಕಾಲದ ಸಾರಾಂಶ ಇಲ್ಲಿ ಎಡವುತ್ತದೆ.

ಅದೇ ಆದೇಶದ ಮುಂದೆ ಒಂದು ಖಾಲಿ ಜಾಗ ಬಿಟ್ಟು, ಅಡ್ಡಗೆರೆ ಹಾಕಿ, 'ಇ' ಅಕ್ಷರ ಸೇರಿಸಿ. ಈಗ ಪ್ರತಿ ಸಿಪಿಯುಗೆ ಒಂದೊಂದು ಸಾಲಿನ ಕೋಷ್ಟಕ ಬರುತ್ತದೆ. ಗರಿಷ್ಠ ವೇಗದ ಕಾಲಂ ನೋಡಿದರೆ ಪಿ ಕೋರುಗಳ ಎದುರು 4400, ಇ ಕೋರುಗಳ ಎದುರು 3300 ಮೆಗಾಹರ್ಟ್ಸ್ ಕಂಡು, ಜಾತಿ ಬೇರೆ ಎಂಬುದು ಅಲ್ಲೇ ಗೊತ್ತಾಗುತ್ತದೆ.

ಈಗ ಮೂಲಕ್ಕೆ

ಎಲ್‌ಎಸ್‌ಸಿಪಿಯು ಈ ಮಾಹಿತಿಯ ಬಹುಪಾಲನ್ನು ಎತ್ತಿಕೊಳ್ಳುವುದು 'ಸಿಸ್‌ಎಫ್‌ಎಸ್'ನಿಂದ. 2003ರ ಕೊನೆಗೆ ಬಂದ ಕರ್ನಲ್ 2.6ರ ಜೊತೆ ಬಳಕೆಗೆ ಬಂದ ವ್ಯವಸ್ಥೆ ಇದು. ಫೈಲ್ ಮ್ಯಾನೇಜರ್‌ನಲ್ಲೂ ಇದನ್ನು ನೋಡಬಹುದು: ಮೂಲ ಫೋಲ್ಡರಿನಲ್ಲಿ 'ಸಿಸ್', ಅದರೊಳಗೆ 'ಡಿವೈಸಸ್', 'ಸಿಸ್ಟಮ್', 'ಸಿಪಿಯು' ಎಂದು ಇಳಿಯುತ್ತಾ ಹೋಗಿ. ಸಿಪಿಯು0ರಿಂದ ಸಿಪಿಯು11ರವರೆಗೆ ಫೋಲ್ಡರುಗಳು ಸಾಲಾಗಿ ಕಾಣುತ್ತವೆ.

ಇವು ಡಿಸ್ಕಿನಲ್ಲಿ ಇಲ್ಲ. ಸಿಪಿಯು0ರ 'ಟೋಪಾಲಜಿ' ಫೋಲ್ಡರಿನಲ್ಲಿರುವ 'ಕೋರ್_ಐಡಿ' ಫೈಲಿನ ಗಾತ್ರ 4096 ಬೈಟ್ ಎಂದು ತೋರಿಸುತ್ತದೆ, ತೆರೆದರೆ ಒಳಗಿರುವುದು ಒಂದೇ ಒಂದು ಅಂಕಿ. ನೀವು ಓದಲು ಹೋದ ಆ ಕ್ಷಣದಲ್ಲಿ ಕರ್ನಲ್ ಉತ್ತರ ಬರೆದುಕೊಡುತ್ತದೆ, ಅಷ್ಟೇ.

ಈ ಫೋಲ್ಡರಿನಲ್ಲಿ ನಿಜವಾಗಿ ಬೆಲೆಬಾಳುವ ಫೈಲು 'ಕೋರ್_ಸಿಪಿಯುಸ್_ಲಿಸ್ಟ್'. ಹಳೆಯ ಕರ್ನಲ್ ಇದ್ದರೆ 'ಥ್ರೆಡ್_ಸಿಬ್ಲಿಂಗ್ಸ್_ಲಿಸ್ಟ್' ಎಂಬ ಹೆಸರಿನಲ್ಲಿ ಹುಡುಕಿ. ನಮ್ಮ ಲ್ಯಾಪ್‌ಟಾಪಿನಲ್ಲಿ ಸಿಪಿಯು0ರದು '0-1' ಎನ್ನುತ್ತದೆ. ಅಂದರೆ ಸೊನ್ನೆ ಮತ್ತು ಒಂದು ಒಂದೇ ಕೋರಿನ ಎರಡು ಥ್ರೆಡ್‌ಗಳು. ಒಂದೇ ಒಲೆಯ ಮುಂದೆ ಇಬ್ಬರು ಅಡುಗೆಯವರು ನಿಂತಂತೆ. ಸಿಪಿಯು4ರದು ಬರೀ '4' ಎನ್ನುತ್ತದೆ. ಅದು ಇ ಕೋರು, ಪಾಲುದಾರರಿಲ್ಲ. ಇದೇ ಫೈಲಿಗೆ 'ಲಿಸ್ಟ್' ಇಲ್ಲದ ಇನ್ನೊಂದು ರೂಪವೂ ಇದೆ. ಅದು ಹೆಕ್ಸಾಡೆಸಿಮಲ್‌ನಲ್ಲಿರುತ್ತದೆ, ಪ್ರೋಗ್ರಾಂಗಳಿಗೆಂದು ಮಾಡಿದ್ದು. ಅದರ ತಂಟೆಗೆ ಹೋಗಬೇಡಿ.

ಅಕ್ಕಪಕ್ಕದ ಸಂಖ್ಯೆ ಇದ್ದರೆ ಜೋಡಿ ಎಂದು ಊಹಿಸಿಕೊಳ್ಳುವುದು ಇಲ್ಲಿ ಎಲ್ಲರೂ ಬೀಳುವ ಹಳ್ಳ. ನಾಲ್ಕು ಕೋರಿನ ಹಳೆಯ ಡೆಸ್ಕ್‌ಟಾಪ್‌ಗಳಲ್ಲಿ ಸಿಪಿಯು0ರ ಜೋಡಿ ಸಿಪಿಯು4 ಆಗಿರುವುದು ಸಾಮಾನ್ಯ. ಕೋರ್_ಐಡಿಯನ್ನೂ ಎಣಿಕೆಗೆ ಬಳಸಬೇಡಿ, ಆ ಸಂಖ್ಯೆಗಳು ನಡುನಡುವೆ ಹಾರುತ್ತವೆ. ಎರಡು ಸಾಕೆಟ್ ಇರುವ ಸರ್ವರ್‌ನಲ್ಲಂತೂ ಎರಡೂ ಕಡೆ ಅದೇ ಕೋರ್_ಐಡಿ ಮತ್ತೆ ಬರಬಹುದು. 'ಫಿಸಿಕಲ್_ಪ್ಯಾಕೇಜ್_ಐಡಿ' ಜೊತೆ ಸೇರಿಸಿ ಓದಿದರೆ ಮಾತ್ರ ಅದಕ್ಕೆ ಅರ್ಥ.

ಜಾತಿಯನ್ನು ನೇರವಾಗಿ ತಿಳಿಯಲು ಇಂಟೆಲ್ ಹೈಬ್ರಿಡ್ ಚಿಪ್‌ಗಳಲ್ಲಿ ಒಂದು ಸುಲಭದ ದಾರಿಯಿದೆ. 'ಡಿವೈಸಸ್' ಫೋಲ್ಡರಿನಲ್ಲೇ 'ಸಿಪಿಯು_ಕೋರ್' ಮತ್ತು 'ಸಿಪಿಯು_ಆಟಮ್' ಎಂಬ ಎರಡು ಫೋಲ್ಡರುಗಳಿವೆ. ಎರಡರಲ್ಲೂ ಇರುವ 'ಸಿಪಿಯುಸ್' ಫೈಲು ತೆರೆಯಿರಿ: ಮೊದಲನೆಯದು 0-3, ಎರಡನೆಯದು 4-11.

ಕ್ಯಾಶ್ ಯಾರ ಪಾಲಿಗೆ?

ನಕ್ಷೆಯ ಅರ್ಧ ಸ್ವಾರಸ್ಯ ಇರುವುದು ಇಲ್ಲಿ. ಕ್ಯಾಶ್ ಎಂದರೆ ಕೋರಿನ ಪಕ್ಕದಲ್ಲೇ ಇರುವ ಪುಟ್ಟ, ವೇಗದ ಮೆಮೊರಿ; ಎಲ್1, ಎಲ್2, ಎಲ್3 ಅದರ ಹಂತಗಳು. ಸಿಪಿಯು4ರ 'ಕ್ಯಾಶ್' ಫೋಲ್ಡರಿನಲ್ಲಿ 'ಇಂಡೆಕ್ಸ್0'ರಿಂದ 'ಇಂಡೆಕ್ಸ್3'ರವರೆಗೆ ನಾಲ್ಕು ಉಪಫೋಲ್ಡರುಗಳಿವೆ. ಸಾಮಾನ್ಯವಾಗಿ ಮೊದಲೆರಡು ಎಲ್1 (ಒಂದು ದತ್ತಾಂಶಕ್ಕೆ, ಒಂದು ಸೂಚನೆಗಳಿಗೆ), ಆಮೇಲೆ ಎಲ್2, ಎಲ್3. ಹೆಸರು ನಂಬದೆ ಒಳಗಿನ 'ಲೆವೆಲ್' ಮತ್ತು 'ಟೈಪ್' ಫೈಲು ಓದಿಬಿಡಿ.

ಸಿಪಿಯು4ರ ಇಂಡೆಕ್ಸ್2ರಲ್ಲಿ 'ಸೈಜ್' 2048 ಕೆ, 'ಶೇರ್ಡ್_ಸಿಪಿಯು_ಲಿಸ್ಟ್' 4-7. ನಾಲ್ಕು ಇ ಕೋರುಗಳು ಸೇರಿ ಎರಡು ಎಂಬಿ ಎಲ್2 ಹಂಚಿಕೊಂಡಿವೆ. 8-11 ಇನ್ನೊಂದು ಗುಂಪು. ಪಿ ಕೋರಿಗಾದರೋ 1280 ಕೆ ಪೂರ್ತಿ ಸ್ವಂತದ್ದು. ಎಲ್3 ಮಾತ್ರ ಹನ್ನೆರಡಕ್ಕೂ ಸಾಮಾನ್ಯ. ಒಂದೇ ದತ್ತಾಂಶದ ಮೇಲೆ ಒಟ್ಟಿಗೆ ಕೆಲಸ ಮಾಡುವ ಎರಡು ಪ್ರೋಗ್ರಾಂಗಳನ್ನು 4 ಮತ್ತು 5ರಲ್ಲಿ ಓಡಿಸುವುದಕ್ಕೂ 4 ಮತ್ತು 8ರಲ್ಲಿ ಓಡಿಸುವುದಕ್ಕೂ ಇರುವ ವ್ಯತ್ಯಾಸ ಈ ಒಂದು ಸಾಲಿನಲ್ಲಿದೆ. 'ಕೋರ್ ಎಷ್ಟು' ಎಂದು ಕೇಳುವವರು ಬೇಕಾದಷ್ಟು, 'ಕ್ಯಾಶ್ ಯಾರ ಜೊತೆ' ಎಂದು ಕೇಳುವವರು ಕಡಿಮೆ.

ಕರ್ನಲ್‌ಗೆ ಹೇಳಿದವರಾರು?

ಇಂಟೆಲ್, ಎಎಂಡಿ ಯಂತ್ರಗಳಲ್ಲಿ 'ಸಿಪಿಯುಐಡಿ' ಎಂಬ ಪ್ರೊಸೆಸರ್ ಸೂಚನೆಯಿದೆ. ಬೂಟ್ ಆಗುವಾಗ ಕರ್ನಲ್ ಪ್ರತಿ ಸಿಪಿಯುವನ್ನೂ ಅದರ ಮೂಲಕ ವಿಚಾರಿಸಿ, ಸಿಕ್ಕ ಗುರುತಿನ ಸಂಖ್ಯೆಯ ಬಿಟ್‌ಗಳನ್ನು ಸಾಕೆಟ್, ಕೋರ್, ಥ್ರೆಡ್ ಎಂದು ಬಿಡಿಸಿಕೊಳ್ಳುತ್ತದೆ. ಎಆರ್‌ಎಂ ಯಂತ್ರಗಳಲ್ಲಿ ಫರ್ಮ್‌ವೇರ್ (ಯಂತ್ರದೊಳಗೇ ಬರುವ ಮೂಲ ಸಾಫ್ಟ್‌ವೇರ್) ಕೊಡುವ ಡಿವೈಸ್ ಟ್ರೀ ಅಥವಾ ಎಸಿಪಿಐ ಕೋಷ್ಟಕ ಈ ಕೆಲಸ ಮಾಡುತ್ತದೆ. ಫರ್ಮ್‌ವೇರ್ ತಪ್ಪು ಹೇಳಿದರೆ ಕರ್ನಲ್ ನಕ್ಷೆಯೂ ತಪ್ಪುತ್ತದೆ.

'ಪ್ರಾಕ್' ಫೋಲ್ಡರಿನ 'ಸಿಪಿಯುಇನ್ಫೋ' ಫೈಲು ಇನ್ನೂ ಹಳೆಯ ದಾರಿ. ಕಣ್ಣಾಡಿಸಲು ಚೆನ್ನ, ಸ್ಕ್ರಿಪ್ಟ್ ಬರೆಯಲು ಬೇಡ: ಎಆರ್‌ಎಂ ಯಂತ್ರಕ್ಕೆ ಹೋದರೆ ಕೋರ್, ಸಾಕೆಟ್ ಸಾಲುಗಳೇ ಇರುವುದಿಲ್ಲ.

ಓದಿದ ಮೇಲೆ ಬರೆಯುವುದು

ಕೆಲವು ಫೈಲುಗಳಿಗೆ ಬರೆಯಲೂ ಬಹುದು. ಸಿಪಿಯು5ರ 'ಆನ್‌ಲೈನ್' ಫೈಲಿಗೆ 0 ಬರೆದರೆ ಆ ಸಿಪಿಯು ಕೆಲಸ ನಿಲ್ಲಿಸುತ್ತದೆ, 1 ಬರೆದರೆ ಮರಳುತ್ತದೆ. ಇದಕ್ಕೆ ರೂಟ್, ಅಂದರೆ ಯಂತ್ರದ ನಿರ್ವಾಹಕನ, ಅಧಿಕಾರ ಬೇಕು; ಅದನ್ನು ಕೊಡುವ ಆದೇಶ 'ಸುಡೊ'. 'ಸುಡೊ ಎಕೋ 0' ಎಂದು ಬರೆದು ಬಾಣದ ಗುರುತಿನಿಂದ ಫೈಲಿಗೆ ತಿರುಗಿಸಿದರೆ ಅನುಮತಿ ಇಲ್ಲ ಎನ್ನುತ್ತದೆ. ಫೈಲು ತೆರೆಯುವ ಕೆಲಸ ಟರ್ಮಿನಲ್‌ನಲ್ಲಿ ಆದೇಶ ಓದುವ ನಿಮ್ಮ ಶೆಲ್ಲಿನದು, ಸುಡೊದ್ದಲ್ಲ. 'ಎಕೋ 0' ಬರೆದು, ಪೈಪ್ ಗುರುತು ಹಾಕಿ, 'ಸುಡೊ ಟೀ' ಮತ್ತು ಫೈಲಿನ ಪೂರ್ತಿ ದಾರಿ ಕೊಡಿ.

ಸಿಪಿಯು5 ಮಲಗಿರುವಾಗ ಅದರ ಟೋಪಾಲಜಿ ಫೋಲ್ಡರೇ ಮಾಯವಾಗಿರುತ್ತದೆ. ಸಿಪಿಯು4ರ ಎಲ್2 ಪಟ್ಟಿ '4-7' ಇದ್ದದ್ದು '4,6-7' ಆಗಿರುತ್ತದೆ. ಎಲ್ಲ ಸಿಪಿಯುಗೂ ಈ ಫೋಲ್ಡರ್ ಇದ್ದೇ ಇರುತ್ತದೆ ಎಂದು ನೆಚ್ಚಿಕೊಂಡ ಸ್ಕ್ರಿಪ್ಟುಗಳು ಕುಸಿಯುವುದು ಇಲ್ಲೇ. ಸಿಪಿಯು0ಕ್ಕೆ ಮಾತ್ರ ಇಂಟೆಲ್, ಎಎಂಡಿ ಯಂತ್ರಗಳಲ್ಲಿ ಸಾಮಾನ್ಯವಾಗಿ ಆನ್‌ಲೈನ್ ಫೈಲೇ ಇರುವುದಿಲ್ಲ.

ಎರಡನೇ ಥ್ರೆಡ್‌ಗಳನ್ನೆಲ್ಲ ಒಟ್ಟಿಗೆ ಆರಿಸಬೇಕೆಂದರೆ 'ಎಸ್‌ಎಂಟಿ' ಫೋಲ್ಡರಿನ 'ಕಂಟ್ರೋಲ್' ಫೈಲಿಗೆ 'ಆಫ್' ಎಂದು ಬರೆಯಿರಿ. 2018ರಲ್ಲಿ ಇಂಟೆಲ್ ಚಿಪ್‌ಗಳ ಎಲ್1ಟಿಎಫ್ ಭದ್ರತಾ ದೋಷ ಹೊರಬಿದ್ದಾಗ ಬಂದ ಸೌಲಭ್ಯ ಇದು. ರೀಬೂಟ್ ಮಾಡಿದರೆ ಎಲ್ಲವೂ ಮೊದಲಿನಂತಾಗುವುದರಿಂದ ಹೆದರಬೇಕಿಲ್ಲ.

ದಿನಬಳಕೆಗೆ ನನ್ನ ಮಟ್ಟಿಗೆ ಉಪಯೋಗಕ್ಕೆ ಬರುವುದು 'ಟಾಸ್ಕ್‌ಸೆಟ್' ಆದೇಶ. ಟಾಸ್ಕ್‌ಸೆಟ್, ಅಡ್ಡಗೆರೆ ಸಿ, 4-11, ಆಮೇಲೆ ನಿಮ್ಮ ಪ್ರೋಗ್ರಾಂ ಹೆಸರು: ರಾತ್ರಿಯಿಡೀ ಓಡುವ ವಿಡಿಯೊ ಪರಿವರ್ತನೆಯಂಥ ಕೆಲಸ ಇ ಕೋರುಗಳಲ್ಲೇ ಉಳಿದು, ಪಿ ಕೋರುಗಳು ನಿಮಗೆ ಬಿಡುವಾಗಿರುತ್ತವೆ. ಉಳಿದ ಕೆಲಸಗಳ ಹಂಚಿಕೆಯನ್ನು ಕರ್ನಲ್‌ನ ಶೆಡ್ಯೂಲರ್‌ಗೇ ಬಿಡುವುದು ಒಳ್ಳೆಯದು.

ಸರ್ವರ್, ಕ್ಲೌಡ್

ಎರಡು ಸಾಕೆಟ್‌ಗಳ ಸರ್ವರ್‌ನಲ್ಲಿ 'ಸಿಸ್ಟಮ್' ಕೆಳಗಿನ 'ನೋಡ್' ಫೋಲ್ಡರನ್ನೂ ನೋಡಿ. 'ಡಿಸ್ಟೆನ್ಸ್' (ದೂರ) ಫೈಲಿನಲ್ಲಿ ಸಾಕೆಟ್ಟಿನ ಸ್ವಂತ ಮೆಮೊರಿಗೆ 10 ಎಂದೂ ಪಕ್ಕದ ಸಾಕೆಟ್ಟಿನ ಮೆಮೊರಿಗೆ ಅದಕ್ಕಿಂತ ದೊಡ್ಡ ಅಂಕಿಯೂ ಇರುತ್ತದೆ.

ವರ್ಚುವಲ್ ಯಂತ್ರದೊಳಗೆ ಕೂತು ಇದೆಲ್ಲ ಓದಿದರೆ ಸಿಗುವುದು ಹೈಪರ್‌ವೈಸರ್ (ವರ್ಚುವಲ್ ಯಂತ್ರಗಳನ್ನು ನಡೆಸುವ ಸಾಫ್ಟ್‌ವೇರ್) ತೋರಿಸಲು ಬಯಸಿದ ನಕ್ಷೆ. ನಾಲ್ಕು ಸಿಪಿಯುಗಳನ್ನು ನಾಲ್ಕು ಬೇರೆ ಸಾಕೆಟ್‌ಗಳೆಂದು ತೋರಿಸುವುದೂ ಉಂಟು. ಹಲವು ಕ್ಲೌಡ್ ಸೇವೆಗಳಲ್ಲಿ ಒಂದು 'ವಿಸಿಪಿಯು' ಎಂದರೆ ಒಂದು ಥ್ರೆಡ್ ಮಾತ್ರ, ಪೂರ್ತಿ ಕೋರಲ್ಲ. ನಾಲ್ಕು ವಿಸಿಪಿಯುಗೆ ದುಡ್ಡು ಕಟ್ಟುವ ಮುನ್ನ ಆ ಸೇವೆಯ ದಾಖಲೆಯಲ್ಲಿ ಇದನ್ನು ಖಚಿತಪಡಿಸಿಕೊಳ್ಳಿ.